ಹಲಗೆ ಹತ್ತಿ ಎಲ್ಲಿಗೆ ಹೋಗ್ತಾನೆ?

"ಮೇಷ್ಟ್ರೇ, ಒಂದ್ ಮಾತು ಕೇಳ್ತೀನಿ, ನಗಾಡಬಾರ್ದು" ಅಂದಳು ಬೇಲಿಯಾಚೆಯ ಅಕ್ಕ. ಬಿತ್ತನೆಗೆ ಎತ್ತಿಟ್ಟ ಶೇಂಗಾವನ್ನು ಮೊರದ ತುಂಬ ಸುರಿದುಕೊಂಡು ಸುಲಿಯುತ್ತ ಕೂತಿದ್ದಳು. "ನಮ್ ಹುಡುಗ ಸಮುದ್ರದಾಗೆ ಹಲಗೆ ಹತ್ತಿ ನಿಂತ್ಕಂತಾನಲ್ಲ, ನಿಂತ್ಕಂಡು ಎಲ್ಲಿಗೆ ಹೋಗ್ತಾನೆ?"

"ದಡಕ್ಕೆ."

"ಅದಕ್ಕೂ ಮೊದ್ಲು ಎಲ್ಲಿದ್ದ?"

"ದಡದಲ್ಲೇ."

ಅಕ್ಕ ಕೈಲಿದ್ದ ಕಾಯಿಯನ್ನು ಪಟ್ಟನೆ ಒಡೆದು, ಬೀಜ ಮೊರಕ್ಕೆ ಹಾಕಿ, ಸಿಪ್ಪೆಯನ್ನು ಬೇಲಿಯ ಈಚೆಗೆ ಎಸೆದಳು. ಈಚೆಗೆ ಅಂದರೆ ನನ್ನ ಅಂಗಳಕ್ಕೆ.

ಈ ಪ್ರಶ್ನೆಗೆ ಜವಾಬು ಹೇಳಬೇಕಾದವನು ನಾನು ಯಾಕಾದೆ ಅಂದರೆ, ಹುಡುಗನ ಜೊತೆ ಮೂಲ್ಕಿಗೆ ಹೋಗಿ ಬಂದವನು ನಾನೇ. ಅವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಶನಿವಾರ ಬಂತೆಂದರೆ ಅಲ್ಲಿಯ ಹುಡುಗರಿಗೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಒಬ್ಬ ಬೆಟ್ಟ ಹತ್ತುತ್ತಾನೆ, ಇನ್ನೊಬ್ಬ ನಂದಿಬೆಟ್ಟದ ತನಕ ಸೈಕಲ್ಲು ತುಳಿದು ಬರುತ್ತಾನೆ, ನಮ್ಮವನು ಅಲೆ ಹತ್ತುತ್ತೇನೆ ಅಂದ. ಶೇಂಗಾ ಕಿತ್ತು ಮುಗಿದಿತ್ತು, ಮನೆಯಲ್ಲಿ ಬೇಡ ಅನ್ನಲು ಕೆಲಸದ ನೆಪವೂ ಇರಲಿಲ್ಲ. "ಮೇಷ್ಟ್ರು ಜತೀಗೆ ಬಂದ್ರೆ ಹೋಗು" ಎಂದು ಅಕ್ಕ ಷರತ್ತು ಹಾಕಿದಳು. ಮದುವೆಗೆ ಹೆಣ್ಣು ನೋಡುತ್ತಿರುವ ಗಂಡಸಿಗೆ ಕಾವಲು! ರಿಟೈರಾದ ಮೇಷ್ಟ್ರು ಅಂದರೆ ಬೀದಿಗೆಲ್ಲ ಸೇರಿದ ಆಸ್ತಿ. ಬ್ಯಾಂಕಿನ ಅರ್ಜಿ ತುಂಬಲಿಕ್ಕೆ ಅವನೇ, ಲಗ್ನಪತ್ರಿಕೆಯ ಕಾಗುಣಿತ ತಿದ್ದಲಿಕ್ಕೆ ಅವನೇ, ಕೊನೆಗೆ ಸಮುದ್ರ ಕಾಯಲಿಕ್ಕೂ ಅವನೇ.

ನಾಯಕನಹಟ್ಟಿಯವರಿಗೆ ನೀರೆಂದರೆ ಎಷ್ಟು ಭಯಭಕ್ತಿ ಅನ್ನುವುದು ಕಡಲ ಪಕ್ಕದವರಿಗೆ ಅರ್ಥವಾಗುವುದು ಕಷ್ಟ. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ ಅದು ನಮಗೆ ಒಳ್ಳೆಯ ವರ್ಷ. ನಮ್ಮೂರು ನಾಲ್ಕು ಜಿಲ್ಲೆಗೆ ಹೆಸರಾಗಿರುವುದೇ ಕೆರೆ ಕಟ್ಟಿಸಿದ ಗುರುವಿನಿಂದ. ತಿಪ್ಪೇರುದ್ರಸ್ವಾಮಿಗಳು ಊರ ಸುತ್ತ ಕೆರೆ ಕಟ್ಟಿಸಿದರು, ಮಣ್ಣು ಹೊತ್ತವರಿಗೆ ಹೊತ್ತಷ್ಟಕ್ಕೆ ಸರಿಯಾಗಿ ಕೂಲಿ ಕೊಟ್ಟರು. 'ಮಾಡಿದಷ್ಟು ನೀಡು ಭಿಕ್ಷೆ' ಅನ್ನುವ ಅವರ ಮಾತು ಇವತ್ತಿಗೂ ಇಲ್ಲಿ ಗೋಡೆ, ಲಾರಿ, ಬಾಯಿ ಎಲ್ಲದರ ಮೇಲೂ ಇದೆ. ಬೇರೆ ಊರಿನ ದೇವರುಗಳು ರಾಕ್ಷಸರನ್ನು ಕೊಂದರು. ನಮ್ಮ ಸ್ವಾಮಿ ಏರಿ, ತೂಬು, ಕೋಡಿ ನೋಡಿಕೊಂಡರು. ಯಾವುದು ದೊಡ್ಡ ಪವಾಡ ಅಂತ ಬೇಸಿಗೆಯಲ್ಲಿ ಕೇಳಬೇಕು.

ನಮ್ಮ ಕಾಲದ ಹುಡುಗರು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಒಣಗಿದ ಕತ್ತಾಳೆ ದಂಟನ್ನು ಮೊಳದುದ್ದ ತುಂಡು ಮಾಡಿ, ಹಗ್ಗ ಸುತ್ತಿ ಬೆನ್ನಿಗೆ ಬಿಗಿದು, ಮೇಲಿನಿಂದ ಯಾರೋ ಒಬ್ಬ ದೊಡ್ಡವನು ನೂಕುತ್ತಿದ್ದ. ಬೆಂಡು ತೇಲುತ್ತಿತ್ತು, ನಾವು ಕಿರುಚುತ್ತಿದ್ದೆವು. ಈಗ ಆ ಬಾವಿಗಳ ತಳದಲ್ಲಿ ಜಾಲಿ ಬೆಳೆದಿದೆ. ಅಕ್ಕನ ಮಗ ಈಜು ಕಲಿತದ್ದು ಬೆಂಗಳೂರಿನಲ್ಲಿ, ತಿಂಗಳ ಫೀಸು ಕಟ್ಟಿ, ನೀಲಿ ಟೈಲ್ಸಿನ ನೀರಿನಲ್ಲಿ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಬುತ್ತಿ ಕಟ್ಟಿಕೊಂಡು ಹಿರಿಯೂರಿನ ದಾರಿ ಹಿಡಿದಿತ್ತು. ನೀರು ಹರಿಯುವುದನ್ನು ನೋಡಲಿಕ್ಕೇ ಬಸ್ ಚಾರ್ಜು ಕೊಡುವ ಜನ ನಾವು. ಇಂಥ ಊರಿಂದ ಒಬ್ಬ ಸರ್ಫರ್ ಹೊರಟ.

ಚಿತ್ರದುರ್ಗ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ. ಘಾಟಿ ಇಳಿಯುವಾಗ ಕಿಟಕಿಯ ಆಚೆ ಬರೀ ಹಸಿರು. ಕಲ್ಲಿನ ಮೇಲೆ ಕೂಡ ಏನೋ ಬೆಳೆದಿರುತ್ತದೆ, ಕರೆಂಟು ಕಂಬವನ್ನೂ ಬಳ್ಳಿ ಬಿಟ್ಟಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ನಮ್ಮ ಹದಿನಾಲ್ಕು ವರ್ಷದ ಮಳೆಯನ್ನು ಅವರು ಒಂದು ಕ್ಯಾಲೆಂಡರಿನಲ್ಲಿ ಮುಗಿಸುತ್ತಾರೆ. ಇದರಲ್ಲಿ ನನಗೊಂದು ಹಳೇ ತಕರಾರಿದೆ. ಆಷಾಢದಲ್ಲಿ ನಮ್ಮೂರ ಮೇಲೆ ಬೀಸಿ, ತಗಡು ಕಿತ್ತು, ಕಣ್ಣಿಗೆ ದೂಳು ಎರಚುವ ಗಾಳಿ ಇದೆಯಲ್ಲ, ಅದು ಬರುವುದು ಈ ಕಡಲಿನ ಮೇಲಿಂದಲೇ. ಬರುವಾಗ ಮೂಲ್ಕಿಯ ದಂಡೆಗೆ ಆಳೆತ್ತರದ ಅಲೆ ಬಡಿಸುತ್ತದೆ, ಘಟ್ಟ ಹತ್ತುವಾಗ ಹೊತ್ತದ್ದನ್ನೆಲ್ಲ ಆಗುಂಬೆಗೆ ಸುರಿದುಬಿಡುತ್ತದೆ, ನಮ್ಮ ಹೊಲದ ಬದುವಿಗೆ ಬಂದಾಗ ಕೈ ಖಾಲಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದವರಿಗೆ ಅದರಿಂದ ಒಂದಷ್ಟು ಕರೆಂಟು ಸಿಗುತ್ತದೆ. ಶೇಂಗಾ ಬಿತ್ತಿದವನಿಗೆ ಸದ್ದು ಮಾತ್ರ.

"ನೋಡಪ್ಪ, ಕಡಲಿನ ಅಲೆ, ನಮ್ಮ ಹೊಲಕ್ಕೆ ಬರದ ಮಳೆ, ಎರಡಕ್ಕೂ ಯಜಮಾನ ಒಬ್ಬನೇ" ಅಂದೆ ಹುಡುಗನಿಗೆ. ಅವನು ಕಿವಿಗೆ ಸಿಕ್ಕಿಸಿಕೊಂಡಿದ್ದನ್ನು ತೆಗೆದು "ಏನ್ ಸಾರ್?" ಅಂದ. ಕ್ಲಾಸಿನಲ್ಲೂ ಹೀಗೇ ಇದ್ದ.

ಮೂಲ್ಕಿಯಲ್ಲಿ ಈ ಆಟ ಬೇರುಬಿಟ್ಟದ್ದು ಒಬ್ಬ ಸನ್ಯಾಸಿಯಿಂದ ಅಂತ ಹೇಳಿದಾಗ ಅಕ್ಕನ ಕೈ ಮೊರದ ಮೇಲೇ ನಿಂತಿತು.

"ಸ್ವಾಮಿಗೋಳಾ? ಹಲಗೆ ಮ್ಯಾಲಾ?"

"ಹೂಂ ಅಕ್ಕ. ಅಮೆರಿಕದವರು."

ಜ್ಯಾಕ್ ಹೆಬ್ನರ್ ಅಂತ ಅವರ ಪೂರ್ವಾಶ್ರಮದ ಹೆಸರು. ಹರೆಯದಲ್ಲಿ ಫ್ಲಾರಿಡಾದ ಕಡಲಲ್ಲಿ ಅಲೆ ಹತ್ತಿದವರು. ಆಮೇಲೆ ಕೃಷ್ಣಭಕ್ತರಾಗಿ, ಸನ್ಯಾಸ ತೆಗೆದುಕೊಂಡು ನರಸಿಂಘ ಸ್ವಾಮಿ ಅನ್ನಿಸಿಕೊಂಡು ಭಾರತದಲ್ಲೇ ನೆಲೆ ನಿಂತರು. ಊರೂರು ಬಿಟ್ಟವರು, ಬಂಧುಬಳಗ ಬಿಟ್ಟವರು, ಅಲೆ ಮಾತ್ರ ಬಿಡಲಿಲ್ಲ. 2004ರಲ್ಲಿ ಮೂಲ್ಕಿಯ ಆಶ್ರಮದಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಗೊತ್ತಿಲ್ಲದ ಕರಾವಳಿಗೆ ಹಲಗೆ ಹೊತ್ತು ಬಂದ ಪರದೇಶಿಗಳು ಅಲ್ಲಿ ತಂಗುತ್ತಿದ್ದರು. ಬೆಳಗ್ಗೆ ಅಲೆ, ಸಂಜೆ ಭಜನೆ, ಊಟಕ್ಕೆ ಸೊಪ್ಪು ಸಾರು. ಮಾಂಸ, ಹೆಂಡ, ಬೀಡಿ ಯಾವುದೂ ಇಲ್ಲ. ಸರ್ಫಿಂಗ್ ಸ್ವಾಮಿ ಎಂದೇ ಜಗತ್ತಿಗೆ ಪರಿಚಿತರಾಗಿದ್ದ ಅವರು 2020ರಲ್ಲಿ ತೀರಿಕೊಂಡರು.

"ಸ್ವಾಮಿಗೋಳು ಹತ್ತಿದ್ರೆ ಸರಿ ಬಿಡಿ, ಅವ್ರಿಗೆ ಹೆಂಡ್ರು ಮಕ್ಳು ಇಲ್ಲ" ಅಂದಳು ಅಕ್ಕ. ಅವಳ ಲೆಕ್ಕದಲ್ಲಿ ಸನ್ಯಾಸ ಅಂದರೆ ಒಂದು ಥರದ ಇನ್ಶೂರೆನ್ಸು.

ಆಶ್ರಮದ ಹಾದಿ ಹಿಡಿದವರಲ್ಲಿ ಮಣಿಪಾಲದಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳೂ ಇದ್ದರು, ಮುಂಬೈ ಹುಡುಗಿ ಇಷಿತಾ ಮಾಳವೀಯ ಮತ್ತು ತುಷಾರ್ ಪತಿಯಾನ್. ಓದಲು ಬಂದ ಜರ್ಮನಿಯ ಹುಡುಗನೊಬ್ಬ ತನ್ನ ಹಲಗೆಯನ್ನೂ ಜೊತೆಗೆ ತಂದಿದ್ದ, ಅವನಿಂದ ಇವರಿಗೆ ಮೂಲ್ಕಿಯ ದಾರಿ ತಿಳಿಯಿತು. 2007ರಲ್ಲಿ ಅವರು ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು, ನಡುವೆ ನಾಲಿಗೆಯಷ್ಟು ಅಗಲದ ನೆಲ. ನಮ್ಮೂರಿನವರು ಅಲ್ಲಿ ಒಂದು ರಾತ್ರಿ ಕಣ್ಣು ಮುಚ್ಚಲಾರರು. ಇಷಿತಾ ದೇಶದ ಮೊದಲ ವೃತ್ತಿಪರ ಮಹಿಳಾ ಸರ್ಫರ್ ಅನ್ನಿಸಿಕೊಂಡರು. ಮೂಲ್ಕಿಯದೇ ಹುಡುಗಿ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಪಂದ್ಯಗಳಲ್ಲಿ ಹೆಸರು ಮಾಡಿದರು. 2016ರ ಮೇ ತಿಂಗಳಲ್ಲಿ ಮೊದಲ ಇಂಡಿಯನ್ ಓಪನ್ ಸರ್ಫಿಂಗ್ ನಡೆದದ್ದು ಪಕ್ಕದ ಸಸಿಹಿತ್ಲುವಿನಲ್ಲಿ, ನಂದಿನಿ ಮತ್ತು ಶಾಂಭವಿ ಹೊಳೆಗಳು ಕಡಲು ಸೇರುವ ಕಡೆ. 2025ರ ಆಗಸ್ಟಿನಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬುದಿಹಾಳ್ ಅವರ ಕುಟುಂಬವೂ ಕರ್ನಾಟಕದಿಂದ ಕೇರಳದ ಕೋವಳಂಗೆ ಹೋಗಿ ನೆಲೆಸಿದ್ದೇ. ಇದನ್ನೆಲ್ಲ ಹುಡುಗ ನನಗೆ ದಾರಿಯುದ್ದಕ್ಕೂ ಒಪ್ಪಿಸಿದ. ಇಸವಿ ಸಮೇತ! ಚರಿತ್ರೆಯ ಪರೀಕ್ಷೆಯಲ್ಲಿ ಪ್ಲಾಸಿ ಕದನದ ಇಸವಿಯನ್ನು ಪ್ರತಿ ಸಲವೂ ಬೇರೆ ಬೇರೆ ಬರೆದವನು ಇವನೇ.

ಕಲಿಸುವವನು ಸ್ಥಳೀಯ ಹುಡುಗ, ಬಿಸಿಲಿಗೆ ತಲೆಗೂದಲು ಕೆಂಚಾಗಿತ್ತು. ಬೆಳಕು ಹರಿಯುತ್ತಿದ್ದಂತೆ ಬರಹೇಳಿದ್ದ. ಬೆಳಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖವನ್ನು ನೇರ ನಿಲ್ಲಿಸಿ ನುಣುಪು ಮಾಡುತ್ತದೆ. ಹೊತ್ತೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ಕಡಲು ಕೆದರುತ್ತದೆ. ಹಾಗಾಗಿ ಇಲ್ಲಿ ಸೋಮಾರಿಗೆ ಸರ್ಫಿಂಗ್ ಬರುವುದಿಲ್ಲ.

ಹಲಗೆ ನಾನು ತಿಳಿದಷ್ಟು ಸಣ್ಣದಲ್ಲ. ಹೊಸಬರಿಗೆ ಕೊಡುವುದು ಎಂಟೊಂಬತ್ತು ಅಡಿ ಉದ್ದದ್ದು, ಮೇಲ್ಮೈ ಮೆತ್ತಗಿರುತ್ತದೆ, ಬಿದ್ದು ಹೊಡೆಸಿಕೊಂಡರೂ ತಲೆ ಒಡೆಯದ ಹಾಗೆ. ಹಿಂದಿನ ತುದಿಯಿಂದ ಒಂದು ದಾರ ಬಂದು ಪಾದದ ಗಂಟಿಗೆ ಕಟ್ಟಿಕೊಳ್ಳುತ್ತದೆ. ಕರುವಿಗೆ ಕಟ್ಟುವುದಕ್ಕಿಂತ ಉದ್ದದ ಹಗ್ಗ. ಹುಡುಗನಿಗೆ ಮೊದಲ ಪಾಠ ನೀರಿನಲ್ಲಲ್ಲ, ಮರಳಿನಲ್ಲಿ. ಕಲಿಸುವವನು ಬೆರಳಿನಿಂದ ಹಲಗೆಯ ಚಿತ್ರ ಗೀಚಿದ, ಅದರ ಮೇಲೆ ಬೋರಲು ಮಲಗಿಸಿದ, ಕೈಯಿಂದ ಮರಳು ತೋಡಿಸಿದ, "ಈಗ ಏಳಿ" ಅಂದ. ಎದೆಯ ಪಕ್ಕ ಎರಡೂ ಅಂಗೈ ಊರಿ, ಒಂದೇ ನೆಗೆತಕ್ಕೆ ಎರಡೂ ಪಾದ ಕೆಳಗೆ ತರಬೇಕು. ಮೊಣಕಾಲೂರಿ ನಿಧಾನಕ್ಕೆ ಎದ್ದರೆ ಕಡಲು ಕಾಯುವುದಿಲ್ಲ. ನಮ್ಮವನು ಮೊಣಕಾಲೂರಿಯೇ ಎದ್ದ. ಕಂಪ್ಯೂಟರಿನ ಮುಂದೆ ಕೂತ ಸೊಂಟ ಅದು.

ನೀರಿಗಿಳಿದ ಮೇಲೆ ಸೊಂಟದ ಆಳದಲ್ಲಿ ನಿಂತು ಒಡೆದು ಬರುವ ನೊರೆಗೆ ಕಾದರು. ಒಡೆಯದ ಹಸಿರಲೆ ಬಲಿತವರಿಗೆ, ಹೊಸಬರಿಗೆ ಬಿಳಿ ನೊರೆ. ನೊರೆ ಬಂತು, ಕಲಿಸುವವನು ಹಲಗೆಯ ಹಿಂಬದಿ ನೂಕಿದ, ಬೆನ್ನಿಗೆ ಬೆಂಡು ಕಟ್ಟಿ ನಮ್ಮನ್ನು ನೂಕುತ್ತಿದ್ದವನ ಮುಖ ನನ್ನ ಕಣ್ಣ ಮುಂದೆ ಬಂತು. ಹುಡುಗ ಎದ್ದ, ಅರ್ಧಕ್ಕೇ ಪಕ್ಕಕ್ಕೆ ವಾಲಿದ, ಹಲಗೆ ಒಂದು ಕಡೆ ಅವನು ಒಂದು ಕಡೆ. ಮೂಗಿನೊಳಗೆ ಉಪ್ಪುನೀರು ಹೊಕ್ಕರೆ ಮನುಷ್ಯ ಎಂಥ ಮುಖ ಮಾಡುತ್ತಾನೆ ಅನ್ನುವುದನ್ನು ಅವತ್ತು ನಾನು ಸಾಕಷ್ಟು ನೋಡಿದೆ. ಬಿದ್ದಾಗ ತಲೆ ಮುಂದೆ ಮಾಡಿ ಧುಮುಕಬಾರದು, ಮಲಗಿದಂತೆ ಅಗಲಕ್ಕೆ ಬೀಳಬೇಕು. ಮೇಲೆ ಬರುವಾಗ ತಲೆಯ ಮೇಲೆ ಕೈ ಇರಬೇಕು. ಅಲೆಗೂ ತನಗೂ ನಡುವೆ ಹಲಗೆಯನ್ನು ಅಡ್ಡ ಹಿಡಿದು ನಿಲ್ಲಬಾರದು, ಅದೇ ಹಲಗೆ ಬಂದು ಹಲ್ಲು ಉದುರಿಸುತ್ತದೆ. ಈ ಆಟದಲ್ಲಿ ನಿಲ್ಲುವುದಕ್ಕಿಂತ ಬೀಳುವುದಕ್ಕೆ ಪಾಠ ಜಾಸ್ತಿ.

ನಾನು ಪಂಚೆ ಮೇಲಕ್ಕೆ ಕಟ್ಟಿ ಮರಳಿನಲ್ಲಿ ಕೂತಿದ್ದೆ. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು.

"ಎಲ್ಲಿಯವರು ನೀವು?"

"ಚಳ್ಳಕೆರೆ ಹತ್ತಿರ, ನಾಯಕನಹಟ್ಟಿ."

"ಅಲ್ಲಿಂದ ಕಡಲು ಎಷ್ಟು ದೂರ ಮಾರಾಯ್ರೆ?"

"ಒಂದು ಹಗಲಿನ ಪ್ರಯಾಣ."

"ಹಾಗಾದ್ರೆ ಮೀನಿಗೆ ಎಂತ ಮಾಡ್ತೀರಿ?"

"ಕೆರೆ ತುಂಬಿದ ವರ್ಷ ಕೆರೆ ಮೀನು."

"ತುಂಬದ ವರ್ಷ?"

ಸುಮ್ಮನಾದೆ. ಅವರು ಬಲೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದ ನೋಟದಲ್ಲಿ ಎಂಥ ಕನಿಕರವಿತ್ತು ಅಂದರೆ, ಬರಪರಿಹಾರದ ಸಮೀಕ್ಷೆಗೆ ಬಂದ ಯಾವ ತಂಡವೂ ನಮ್ಮ ಮೇಲೆ ಅಷ್ಟು ತೋರಿಸಿಲ್ಲ.

ಅವರಿಂದ ತಿಳಿದದ್ದೇ ಜಾಸ್ತಿ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರಿನಡಿ ಮರಳ ದಿಣ್ಣೆಗಳಿರುತ್ತವೆ. ದೂರದಿಂದ ಬಂದ ಅಲೆಗೆ ಅಲ್ಲಿ ತಳ ತಾಗುತ್ತದೆ, ಕಾಲು ನಿಧಾನವಾಗುತ್ತದೆ, ತಲೆ ಮುಂದೋಡುತ್ತದೆ, ಮಗುಚಿ ಒಡೆಯುತ್ತದೆ. ಸರ್ಫರುಗಳಿಗೆ ಬೇಕಾದ ಜಾಗ ಅದೇ, ದೋಣಿಯವರು ಹೆದರುವ ಜಾಗವೂ ಅದೇ. ದಿಣ್ಣೆ ಒಂದು ಕಡೆ ಇರುವುದಿಲ್ಲ, ಪ್ರತಿ ಮಳೆಗಾಲದ ನೆರೆ ಅದನ್ನು ಬೇರೆ ಕಡೆ ಎಳೆದು ಹಾಕುತ್ತದೆ. "ಹೋದ ವರ್ಷ ಅಲ್ಲಿತ್ತು, ಈ ವರ್ಷ ಇಲ್ಲಿಗೆ ಬಂದುಂಟು" ಎಂದು ಅವರು ಬೊಟ್ಟು ಮಾಡಿ ತೋರಿಸಿದರು. ನನಗೆ ಎರಡೂ ಕಡೆ ಬರೀ ನೀರು ಕಂಡಿತು. ಹೊಸ ಕಡಲಿಗೆ ಬಂದವನು ಎಷ್ಟೇ ಕಲಿತವನಾಗಲಿ, ಅಮೆರಿಕದಿಂದಲೇ ಬರಲಿ, ಈ ಬೊಟ್ಟು ಇಲ್ಲದೆ ಕುರುಡ. ಬ್ರೂಸ್ ಬ್ರೌನ್ ಎಂಬಾತ ಇಬ್ಬರು ಸರ್ಫರುಗಳ ಜೊತೆ ಲೋಕವೆಲ್ಲ ಸುತ್ತಿ ತೆಗೆದ, 1966ರಲ್ಲಿ ತೆರೆಕಂಡ 'ದಿ ಎಂಡ್‌ಲೆಸ್ ಸಮ್ಮರ್' ಸಿನಿಮಾ ಇದೆ. ಅವರು ಆಫ್ರಿಕದ ಘಾನಾಕ್ಕೂ ಹಲಗೆ ಹೊತ್ತು ಹೋಗಿದ್ದರು. ಆ ಕರಾವಳಿಯ ಮಕ್ಕಳು ಹಲಗೆ ತುಂಡಿನ ಮೇಲೆ ಬೋರಲು ಮಲಗಿ ಅಲೆ ಹತ್ತುತ್ತಿದ್ದುದನ್ನು ಯುರೋಪಿನವರು ಹದಿನೇಳನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಕಲಿಸಲು ಹೋದವರಿಗಿಂತ ಮುನ್ನೂರು ವರ್ಷ ಮೊದಲೇ ಅಲ್ಲಿ ಪಾಠ ಮುಗಿದಿತ್ತು.

ಹಿರಿಯರು ಇನ್ನೊಂದು ಜಾಗ ತೋರಿಸಿದರು. ಎರಡು ಕಡೆ ಅಲೆ ಒಡೆಯುತ್ತಿತ್ತು, ನಡುವೆ ಒಂದು ಓಣಿಯಷ್ಟು ಅಗಲ ನೀರು ಅಲೆಯಿಲ್ಲದೆ, ಸ್ವಲ್ಪ ಕಪ್ಪಗೆ, ತಣ್ಣಗೆ ಇತ್ತು.

"ನೀವಾದ್ರೆ ಎಲ್ಲಿ ಇಳೀತೀರಿ?"

"ಅಲ್ಲೇ, ಅಲೆ ಇಲ್ಲದ ಕಡೆ."

"ಘಟ್ಟದ ಮೇಲಿನವರೆಲ್ಲ ಅಲ್ಲಿಯೇ ಇಳಿಯುವುದು" ಅಂದರು.

ದಡಕ್ಕೆ ಬಂದು ಬಿದ್ದ ನೀರೆಲ್ಲ ವಾಪಸು ಕಡಲಿಗೆ ಹೋಗುವ ದಾರಿ ಅದು. ಮೇಲೆ ಶಾಂತ, ಒಳಗೆ ಸೆಳೆತ. ಸಿಕ್ಕಿದವನು ದಡದ ಕಡೆಗೇ ಕೈ ಬೀಸಿ ಬೀಸಿ ಸುಸ್ತಾಗಿ ಮುಳುಗುತ್ತಾನೆ. ಹಾಗೆ ಮಾಡದೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿದರೆ ಓಣಿ ದಾಟಿ ಅಲೆ ಇರುವ ಕಡೆ ಬರುತ್ತಾನೆ, ಅಲೆಯೇ ದಡಕ್ಕೆ ತಂದು ಹಾಕುತ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಮುಳಬಾಗಿಲು ಕಡೆಯ ಶಾಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಅದೂ ನಮ್ಮಂಥದೇ ಒಣ ಸೀಮೆ. ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ರಾತ್ರಿಯೆಲ್ಲ ತಲೆ ಎಣಿಸಿದ ಯಾವ ಮೇಷ್ಟ್ರಿಗೂ ಆ ಸುದ್ದಿಯನ್ನು ಪೂರ್ತಿ ಓದಲಾಗಿರಲಿಕ್ಕಿಲ್ಲ. ಪ್ರವಾಸದ ಪಟ್ಟಿಯಲ್ಲಿ ತಿಂಡಿ, ಟಿಕೆಟ್ಟು, ಪೋಷಕರ ಒಪ್ಪಿಗೆ ಪತ್ರ ಎಲ್ಲ ಇರುತ್ತದೆ. ಈ ಕಪ್ಪು ಓಣಿಯ ಪಾಠ ಎಲ್ಲೂ ಇರುವುದಿಲ್ಲ. ಒಂದು ಪೀರಿಯಡ್ ಸಾಕಿತ್ತು.

ಇದನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದ್ದರೆ ಹುಡುಗನ ಸರ್ಫಿಂಗು ಅಲ್ಲಿಗೇ ಮುಗಿಯುತ್ತಿತ್ತು. ಅವಳಿಗೆ ಬೇಕಾಗಿದ್ದುದು ಅವನು ಎಲ್ಲಿಗೆ ಹೋಗ್ತಾನೆ ಅನ್ನುವುದಷ್ಟೇ.

"ಅಲೆ ಎಲ್ಲಿಂದ ಬರುತ್ತೆ ಗೊತ್ತಾ ಅಕ್ಕ? ಭೂಮಿಯ ದಕ್ಷಿಣದ ತುದಿ ಕಡೆ, ಆಫ್ರಿಕಕ್ಕೂ ಆಸ್ಟ್ರೇಲಿಯಕ್ಕೂ ಕೆಳಗೆ ಬಿರುಗಾಳಿ ಎದ್ದರೆ, ಅದರ ಅಲೆ ದಿನಗಟ್ಟಲೆ ಹೊರಟು ನಮ್ಮ ದಂಡೆಗೆ ಮುಟ್ಟುತ್ತೆ. ಇಲ್ಲಿ ಗಾಳಿಯೂ ಇರಲ್ಲ, ಮೋಡವೂ ಇರಲ್ಲ, ಇದ್ದಕ್ಕಿದ್ದ ಹಾಗೆ ನೀರು ಉಕ್ಕಿ ಅಂಗಳಕ್ಕೆ ಬರುತ್ತೆ. ಕೇರಳದವರು ಅದಕ್ಕೆ ಕಳ್ಳ ಕಡಲು ಅಂತಾರೆ. ಹೈದರಾಬಾದಿನಲ್ಲಿ ಇನ್‌ಕಾಯ್ಸ್ ಅಂತ ಒಂದು ಆಫೀಸು ಕೂತು ಮೊದಲೇ ಎಚ್ಚರಿಕೆ ಕೊಡುತ್ತೆ."

"ಅಷ್ಟು ದೂರದ ನೀರು ಇಲ್ಲಿಗೆ ಬರ್ತೈತಾ?"

"ನೀರು ಬರಲ್ಲ. ಅಲೆ ಬರುತ್ತೆ. ನೀರು ಇದ್ದಲ್ಲೇ ಎದ್ದು ಇಳಿಯುತ್ತೆ. ಕೆರೆ ತುಂಬಿದಾಗ ನೋಡಿಲ್ವಾ, ಯಾರೋ ಎಸೆದ ತೆಂಗಿನ ಚಿಪ್ಪು ಅಲೆ ಹೋದರೂ ಅಲ್ಲಲ್ಲೇ ಕುಣೀತಾ ಇರುತ್ತೆ."

ಅಕ್ಕ ಯೋಚಿಸಿದಳು. "ಅಂದ್ರೆ ನೀರೂ ಎಲ್ಲಿಗೂ ಹೋಗಲ್ಲ, ಇವ್ನೂ ಎಲ್ಲಿಗೂ ಹೋಗಲ್ಲ. ಮಧ್ಯದಾಗೆ ಬಾಡಿಗೆ ಮಾತ್ರ ಹೋಯ್ತು."

ವಾದದಲ್ಲಿ ಸೋಲು ಹತ್ತಿರ ಬಂದಾಗ ಮೇಷ್ಟ್ರುಗಳು ಜಗತ್ತನ್ನು ಸಾಕ್ಷಿಗೆ ಕರೆಯುತ್ತಾರೆ. ನಾನೂ ಕರೆದೆ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನಲ್ಲಿದ್ದ ಜೋಸೆಫ್ ಬ್ಯಾಂಕ್ಸ್ ತಾಹಿತಿ ದ್ವೀಪದಲ್ಲಿ ಜನ ಅಲೆಯೊಂದಿಗೆ ಆಡುವುದನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಹವಾಯಿಯಲ್ಲಿ ದೊರೆಗಳೇ ಹಲಗೆ ಹತ್ತುತ್ತಿದ್ದರು. 1820ರಲ್ಲಿ ಅಲ್ಲಿಗೆ ಬಂದ ಕ್ರೈಸ್ತ ಪಾದ್ರಿಗಳು ಮಾತ್ರ ಮೈಮೇಲೆ ಬಟ್ಟೆಯಿಲ್ಲದ, ಕೆಲಸ ಕೆಡಿಸುವ ಆಟ ಅಂತ ಮೂಗು ಮುರಿದರು.

"ತಿಳಿದೋರು" ಅಂದಳು ಅಕ್ಕ.

ಒಲಿಂಪಿಕ್ಸಿಗೂ ಸೇರಿದೆ ಅಂದೆ. ಟೋಕಿಯೋದಲ್ಲಿ ಮೊದಲ ಸಲ, ಆಮೇಲೆ 2024ರಲ್ಲಿ ಪ್ಯಾರಿಸ್ಸಿನಲ್ಲಿ. ಪ್ಯಾರಿಸ್ಸಿನಲ್ಲಿ ಕಡಲಿಲ್ಲವಾದ್ದರಿಂದ ಸುಮಾರು 15,000 ಕಿಲೋಮೀಟರ್ ಆಚೆಯ ಅದೇ ತಾಹಿತಿಯಲ್ಲಿ ಪಂದ್ಯ ಇಟ್ಟರು. "ಜಾತ್ರೆ ಒಂದೂರಾಗೆ, ಕುಸ್ತಿ ಇನ್ನೊಂದೂರಾಗಾ?" ಎಂದು ನಕ್ಕಳು. ನಕ್ಕದ್ದೇ ಸಂದು ಅಂತ ನಾನು ಕೊನೆಯ ಬಾಣ ತೆಗೆದೆ.

"ಸರಿ, ಅದು ಬಿಡಿ. ನಮ್ಮ ತೇರು ಎಲ್ಲಿಗೆ ಹೋಗುತ್ತೆ?"

ಫಾಲ್ಗುಣದಲ್ಲಿ ಚಿತ್ತಾ ನಕ್ಷತ್ರಕ್ಕೆ ನಮ್ಮ ದೊಡ್ಡ ರಥ. ಲಕ್ಷಾಂತರ ಜನ ಸೇರುತ್ತಾರೆ. ಮುಕ್ತಿ ಬಾವುಟ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುತ್ತದೆ, ಕೊಬ್ಬರಿ ಸುಡುವ ಹೊಗೆಯಲ್ಲಿ ಪಕ್ಕದವನ ಮುಖ ಕಾಣುವುದಿಲ್ಲ, ಬಾಳೆಹಣ್ಣು ತೂರಿ ತೂರಿ ರಥದ ಕಳಸಕ್ಕೆ ಗುರಿ ಇಡುತ್ತಾರೆ. ಅಷ್ಟು ಸಂಭ್ರಮ ಮಾಡಿ ಹಗ್ಗ ಎಳೆದರೆ ತೇರು ಬೀದಿ ಉದ್ದಕ್ಕೆ ಹೋಗುತ್ತದೆ, ಹೊರಟಲ್ಲಿಗೇ ವಾಪಸು ಬರುತ್ತದೆ. "ಎಲ್ಲಿಗೆ ಹೋಯ್ತು ಅಂತ ಯಾರಾದರೂ ಕೇಳಿದ್ದಾರಾ?"

"ಮೇಷ್ಟ್ರೇ," ಅಂದಳು ಅಕ್ಕ, ದನಿ ಸ್ವಲ್ಪ ತಗ್ಗಿಸಿ, "ತೇರಿನಾಗೆ ದೇವ್ರು ಕೂತಿರ್ತಾನೆ. ಹಲಗೆ ಮ್ಯಾಲೆ ನನ್ ಮಗ ನಿಂತಿರ್ತಾನೆ. ದೇವ್ರು ಬಿದ್ರೆ ಊರೆಲ್ಲ ಓಡಿ ಬರ್ತೈತೆ. ಇವ್ನು ಬಿದ್ರೆ ನೀವು ಪಂಚೆ ಕಟ್ಕಂಡು ಕೂತಿರ್ತೀರಿ."

ಪಂಚೆಯ ವಿಷಯ ಹುಡುಗ ಹೇಳಿರಬೇಕು.

ಬಾಣಗಳು ಮುಗಿದಿದ್ದರೂ ಬಾಯಿ ಮುಗಿದಿರಲಿಲ್ಲ. ಪಕ್ಕದ ಕುದಾಪುರದ ಕಡೆ ಕೈ ತೋರಿಸಿದೆ. ಅಲ್ಲಿಯ ಡಿಆರ್‌ಡಿಒ ರನ್‌ವೇ ಮೇಲೆ 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯ ನೌಕೆಯೊಂದನ್ನು ಹೆಲಿಕಾಪ್ಟರಿಗೆ ನೇತುಹಾಕಿ ನಾಲ್ಕೂವರೆ ಕಿಲೋಮೀಟರ್ ಮೇಲಿನಿಂದ ಬಿಟ್ಟರು. ಯಾರೂ ನಡೆಸದೆ ಅದು ತಾನೇ ದಾರಿ ನೋಡಿಕೊಂಡು ಬಂದು ಇಳಿಯಿತು. 2024ರಲ್ಲಿ ಪುಷ್ಪಕ್ ಅಂತ ಹೆಸರಿಟ್ಟು ಮತ್ತೆ ಎರಡು ಸಲ ಇಳಿಸಿದರು. ಹೆಲಿಕಾಪ್ಟರು ಎದ್ದದ್ದೂ ಇಲ್ಲೇ, ನೌಕೆ ಇಳಿದದ್ದೂ ಇಲ್ಲೇ. ದೇಶವೆಲ್ಲ ಚಪ್ಪಾಳೆ ತಟ್ಟಿತು.

"ಅದ್ರಾಗೆ ಯಾರಾದ್ರೂ ಕೂತಿದ್ರಾ?"

"ಇಲ್ಲ."

"ಮತ್ತೆ?" ಅಂದಳು. ಇಸ್ರೋ ಕೂಡ ನನ್ನ ಕೈ ಬಿಟ್ಟಿತು.

ಅಷ್ಟರಲ್ಲಿ ಹುಡುಗ ಫೋನು ಹಿಡಿದುಕೊಂಡು ಹೊರಗೆ ಬಂದ. ಅದರಲ್ಲಿ ಒಂದು ವಿಡಿಯೋ ಇತ್ತು, ಕಲಿಸುವವನು ತೆಗೆದದ್ದು. ಮೊಣಕಾಲುದ್ದದ ನೊರೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಅಕ್ಕನ ಮಗ. ಎರಡೂ ಕೈ ಅಗಲಿಸಿ, ಬೆನ್ನು ಬಗ್ಗಿಸಿ, ಬಾಯಿ ತೆರೆದು ನಿಂತಿದ್ದಾನೆ. ಉಸಿರೊಂದು ಎಳೆದು ಬಿಡುವಷ್ಟು ಹೊತ್ತು, ಅಷ್ಟೇ. ಆಮೇಲೆ ಹಲಗೆ ಮರಳು ಮುಟ್ಟುತ್ತದೆ, ಅವನು ಇಳಿದು ಹಿಂದಕ್ಕೆ ತಿರುಗಿ ಯಾರನ್ನೋ ಹುಡುಕುತ್ತಾನೆ.

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ಇಸಕೊಂಡಳು. ನೋಡಿದಳು. "ಇನ್ನೊಂದ್ಸಲ ಹಾಕೋ" ಅಂದಳು. ಅವನು ಹಾಕಿದ. "ಹಲ್ಲು ಕಾಣ್ತಾವೆ ನೋಡು, ಎಸ್ಸೆಲ್ಸಿ ಪಾಸಾದಾಗ್ಲೂ ಹಿಂಗ್ ನಗಲಿಲ್ಲ" ಅಂದಳು. ಪಾಸಾದದ್ದು ಹೇಗೆ ಅಂತ ಅವಳಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು, ಸುಮ್ಮನಿದ್ದೆ.

"ಮತ್ತೆ ಯಾವಾಗ ಹೋಗಾದು?" ಅವಳೇ ಕೇಳಿದಳು. ಜೂನ್ ಒಂದರಿಂದ ಎರಡು ತಿಂಗಳು ದೊಡ್ಡ ಬೋಟುಗಳಿಗೇ ಮೀನುಗಾರಿಕೆ ನಿಷೇಧ, ಮಳೆಗಾಲದ ಕಡಲಿಗೆ ಹೊಸಬರು ಇಳಿಯುವ ಮಾತೇ ಇಲ್ಲ, ದಸರಾ ಕಳೆಯಲಿ ಅಂದ ಹುಡುಗ. "ಶೇಂಗಾ ಕೀಳೋ ಹೊತ್ತಿಗೆ ಸರ್ಯಾಗಿ" ಅಂದಳು ಅಕ್ಕ. ಆದರೆ ಬೇಡ ಅನ್ನಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಅಲ್ಲ ಮೇಷ್ಟ್ರೇ, ಅಷ್ಟು ದೂರ ಹೋಗ್ಬೇಕಲ್ಲ. ನಮ್ ಕಡೀಗೆ ಸಮುದ್ರ ಅನ್ನೋದು ಯಾವತ್ತೂ ಇರ್ಲೇ ಇಲ್ವಾ?"

ಕೊನೆಗೂ ನನಗೆ ಗೊತ್ತಿದ್ದ ಪ್ರಶ್ನೆ ಬಂತು. "ಇತ್ತು ಅಕ್ಕ" ಅಂದೆ. ಹಿರಿಯೂರು ತಾಲೂಕಿನ ಮರಡಿಹಳ್ಳಿಯಲ್ಲಿ ಗುಡ್ಡದ ಮೇಲೆ ದಿಂಬು ಜೋಡಿಸಿಟ್ಟ ಹಾಗೆ ಕಲ್ಲುಗಳಿವೆ. ಭೂಗರ್ಭ ಇಲಾಖೆಯವರು ರಾಷ್ಟ್ರೀಯ ಸ್ಮಾರಕ ಅಂತ ಬೋರ್ಡು ಹಾಕಿ ಕಾಪಾಡಿದ್ದಾರೆ. ಕಡಲಿನ ತಳದಲ್ಲಿ ಲಾವಾ ಉಕ್ಕಿ, ನೀರು ತಾಗಿದ ಕೂಡಲೇ ಗಡ್ಡೆ ಗಡ್ಡೆಯಾಗಿ ಹೆಪ್ಪುಗಟ್ಟಿದರೆ ಕಲ್ಲಿಗೆ ಆ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ಆಗ ಅಲ್ಲಿ ಕಡಲಿತ್ತು.

"ನಮ್ ಜಿಲ್ಲೇಲಿ?"

"ನಮ್ಮ ಜಿಲ್ಲೆಯಲ್ಲೇ."

"ಇದ್ದಿದ್ದು ಎಲ್ಲಿಗೋಯ್ತು?"

"ಹೋಯ್ತು ಅಕ್ಕ. ಎಲ್ಲಾ ಹೋಯ್ತು."

ಅಕ್ಕ ಮೊರ ಕೊಡವಿ ಎದ್ದಳು. "ಹೋಗ್ದೆ ಇನ್ನೇನಾಗುತ್ತೆ. ಆವಾಗ ತಿಪ್ಪೇರುದ್ರಸ್ವಾಮಿ ಎಲ್ಲಿದ್ರು? ಇದ್ದಿದ್ರೆ ಒಂದು ಏರಿ ಹಾಕ್ಸಿ ನಿಲ್ಸೋರು" ಅಂದು ಒಳಗೆ ಹೋದಳು.